ಬಚ್ಚಲು ಕಟ್ಟಿಕೊಂಡ ಮಳೆಗಾಲ

ಹೋದ ತಿಂಗಳು ಮೈಸೂರಿನಲ್ಲಿ ಮಗಳ ಮನೆಯ ಸಿಂಕು ಕಟ್ಟಿಕೊಂಡಿತು. ಪ್ಲಂಬರ್ ಬಂದು ಕೆಳಗಿನ ಪೈಪು ಬಿಚ್ಚಿದ್ದೇ ತಡ, ಬೂದುಬಣ್ಣದ ಲೋಳೆ ಧೊಪ್ಪನೆ ಬಕೆಟ್ಟಿಗೆ ಬಿತ್ತು. ಹಳಸಿದ ಅನ್ನ, ಹಳೆ ಎಣ್ಣೆ, ಕೊಳೆತ ಕಾಫಿ ಚರಟ ಎಲ್ಲ ಸೇರಿದ ವಾಸನೆ ಮೂಗಿಗೆ ಹೊಡೆಯಿತು. ಮಗಳು ಮೂಗು ಮುಚ್ಚಿಕೊಂಡು ಬಾಲ್ಕನಿಗೆ ಓಡಿದಳು. ನಾನು ನಿಂತಲ್ಲೇ ನಿಂತಿದ್ದೆ. ಆ ವಾಸನೆಯನ್ನು ನಾನು ಬಲ್ಲೆ. ಎಪ್ಪತ್ತರ ದಶಕದ ನಡುವಿನ ಒಂದು ವರ್ಷ, ಗಣೇಶನ ಹಬ್ಬದಿಂದ ದೀಪಾವಳಿ ಕಳೆಯುವವರೆಗೆ, ಅದರ ಜೊತೆಯಲ್ಲೇ ಉಂಡು, ಮಲಗಿ, ಎದ್ದು, ಚೊಚ್ಚಲ ಬಸುರಿನ ಮೊದಲ ತಿಂಗಳುಗಳನ್ನೂ ಅದರ ನಡುವೆಯೇ ನೂಕಿದ್ದೆ.

ನನ್ನ ಯಜಮಾನರಿಗೆ ಆ ವರ್ಷ ಮಳವಳ್ಳಿಯ ತಾಲ್ಲೂಕು ಕಚೇರಿಯಿಂದ ಮಂಡ್ಯಕ್ಕೆ ವರ್ಗವಾಗಿತ್ತು. ಮಳವಳ್ಳಿ ನನ್ನ ತವರೂರು, ಬಿಟ್ಟು ಬರಲು ಮನಸ್ಸಿರಲಿಲ್ಲ. ಮಂಡ್ಯದಲ್ಲಿ ಸಿಕ್ಕಿದ್ದು ಮೂರು ಮನೆಗಳ ಒಂದು ವಠಾರ. ಮೊದಲನೆಯದರಲ್ಲಿ ನಾವು: ನಾನು, ಯಜಮಾನರು, ಅತ್ತೆ. ನಡುಮನೆಯಲ್ಲಿ ಗೌರಮ್ಮ, ಪಕ್ಕದ ಹೊಳಲು ಹಳ್ಳಿಯ ಒಕ್ಕಲು ಮನೆತನದ ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವಳು. ಅವಳ ಗಂಡ ನಂಜೇಗೌಡ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕೊನೆಯ ಮನೆಯಲ್ಲಿ ಶಾಲೆಯ ಮೇಷ್ಟ್ರು, ಅವರ ಹೆಂಡತಿ ಶಾಂತ, ಐದಾರು ವರ್ಷದ ಮಗಳು ಪದ್ಮ.

ಮೂರೂ ಮನೆಯ ಬಚ್ಚಲುಗಳು ಹಿತ್ತಿಲ ಕಡೆಗಿದ್ದವು. ಅವುಗಳ ನೀರು ನೆಲದಡಿ ಹೂತಿದ್ದ ಒಂದೇ ಮಣ್ಣಿನ ಪೈಪಿಗೆ ಸೇರಿ, ಹಿತ್ತಿಲುದ್ದಕ್ಕೂ ಹಾದು, ಅತ್ತಿಮರದ ಬುಡವನ್ನು ಬಳಸಿ ಬೀದಿಯ ಚರಂಡಿಗೆ ಬೀಳಬೇಕಿತ್ತು. ಮರದ ಪಕ್ಕದಲ್ಲೇ ಬಾವಿ. ಕುಡಿಯಲು, ಅಡುಗೆಗೆ, ಸ್ನಾನಕ್ಕೆ ಎಲ್ಲಕ್ಕೂ ಅದೇ. ಬೀದಿಯ ಕೊನೆಯಲ್ಲಿ ಸಾರ್ವಜನಿಕ ನಲ್ಲಿಯೂ ಇತ್ತು. ಆದರೆ ನಮ್ಮತ್ತೆ ಕಡು ಮಡಿಯ ಹೆಂಗಸು. ನಲ್ಲಿಯೊಳಗೆ ಚರ್ಮದ ಬಿಲ್ಲೆ ಇರುತ್ತದೆ ಎಂದು ಯಾರೋ ಹೇಳಿದಂದಿನಿಂದ ಆ ನೀರನ್ನು ಕಾಲು ತೊಳೆಯಲೂ ಮುಟ್ಟಿದವರಲ್ಲ. ಬೆಳಗಾಗುತ್ತಲೇ ಬಾವಿಯ ನೀರು ಸೇದಿ ತಲೆಗೆ ಹುಯ್ದುಕೊಂಡು, ಒದ್ದೆ ಸೀರೆಯಲ್ಲೇ ಕೊಡ ಹೊತ್ತು ಬಂದು ಅಡುಗೆಮನೆಯಲ್ಲಿಟ್ಟರೆ ಆ ಕೊಡವನ್ನು ನಾನು ಕೂಡ ಮುಟ್ಟುವಂತಿರಲಿಲ್ಲ.

ಗಣೇಶನನ್ನು ಬಿಟ್ಟ ವಾರದಲ್ಲಿ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಸ್ನಾನಕ್ಕೆಂದು ಹೋದರೆ ಬಚ್ಚಲ ತೂತಿನಿಂದ ಗುಳುಗುಳು ಸದ್ದು. ನೋಡುತ್ತಿದ್ದ ಹಾಗೆಯೇ ನೀರು ಕೆಳಗಿಳಿಯುವ ಬದಲು ಮೇಲಕ್ಕೆ ಉಕ್ಕತೊಡಗಿತು. ಮೊದಲು ಬಂದದ್ದು ನಮ್ಮದೇ ಸೀಗೇಕಾಯಿ ನೊರೆ. ಆಮೇಲೆ ಬಂದದ್ದು ನಮ್ಮದಲ್ಲ. ಊದಿಕೊಂಡ ರಾಗಿಮುದ್ದೆಯ ಚೂರು, ಉದ್ದುದ್ದ ಕೂದಲ ಎಳೆಗಳು, ಈರುಳ್ಳಿ ಸಿಪ್ಪೆ, ಬಿಳಿ ಜಿಡ್ಡಿನ ತುಣುಕುಗಳು, ಯಾರೋ ಉಗಿದ ಎಲೆ ಅಡಿಕೆಯ ರಸ. ನನ್ನ ಪಾದ ಮುಳುಗಿತು. ಬೆರಳ ಸಂದಿಗೆ ಏನೋ ಮೆತ್ತಗೆ ಸುತ್ತಿಕೊಂಡಿತು. ಅಲ್ಲೇ ಗೋಡೆ ಹಿಡಿದು ಕಾರಿಕೊಂಡೆ. ನಾನು ಕಾರಿದ್ದೂ ಇಳಿದು ಹೋಗದೆ ನನ್ನ ಸುತ್ತಲೇ ತೇಲುತ್ತಿತ್ತು.

ಅಂದಿನಿಂದ ಮೂರು ಮನೆಗೂ ಅದೇ ಗೋಳು. ಒಬ್ಬರು ಪಾತ್ರೆ ತೊಳೆದರೆ ಇನ್ನೊಬ್ಬರ ಬಚ್ಚಲು ಉಕ್ಕುತ್ತಿತ್ತು. ಗೌರಮ್ಮನ ಮನೆಯ ಸಾರಿನ ಗಸಿ ಶಾಂತನ ಮನೆಯಲ್ಲಿ, ಶಾಂತನ ಮನೆಯ ಗಂಜಿ ನಮ್ಮ ಮನೆಯಲ್ಲಿ. ಯಾರ ಮನೆಯಲ್ಲಿ ನಿನ್ನೆ ಏನು ಅಡುಗೆಯೆಂದು ಬಚ್ಚಲು ನೋಡಿಯೇ ಹೇಳಬಹುದಿತ್ತು. ಗೋಡೆಯ ಬುಡಕ್ಕೆ ಬಾಲದ ಹುಳುಗಳು ಹತ್ತಿದವು. ಬೆಳಕು ಹರಿದರೆ ನೊಣ, ಸಂಜೆಯಾದರೆ ಸೊಳ್ಳೆ. ನನಗೋ ಬಸುರಿಯ ವಾಕರಿಕೆ ಬೇರೆ. ತುತ್ತು ಬಾಯಿಗಿಟ್ಟರೆ ಅನ್ನಕ್ಕೂ ಅದೇ ವಾಸನೆ. ಅರ್ಧ ಊಟದಲ್ಲಿ ಎದ್ದು ಹಿತ್ತಿಲಿಗೆ ಓಡಿದರೆ ಅಲ್ಲಿ ವಾಸನೆ ಇನ್ನೂ ಜೋರು.

ಯಾರ ತಪ್ಪು ಎಂಬ ಜಗಳ ಶುರುವಾಯಿತು. ಅತ್ತೆ ಹಿತ್ತಿಲ ಬಾಗಿಲಲ್ಲಿ ನಿಂತು, ಗೌರಮ್ಮನಿಗೆ ಕೇಳಿಸಲಿ ಅಂತಲೇ ನನ್ನೊಂದಿಗೆ ಮಾತಾಡುತ್ತಿದ್ದರು. "ಭಾನುವಾರ ಬಂತು ಅಂದರೆ ಮಾಂಸ ತೊಳೆದ ನೀರು ಬಚ್ಚಲಿಗೇ ಹುಯ್ಯೋದು ಕಣೇ. ಆ ಕೊಬ್ಬು ಒಳಗೆ ಹೋಗಿ ಮೇಣದ ಹಾಗೆ ಕೂತ್ಕೊಳ್ಳದೆ ಇನ್ನೇನಾಗುತ್ತೆ?"

ಗೌರಮ್ಮ ಸುಮ್ಮನಿರುವ ಜೀವವಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದುರಿಗೇ ಬಂದಳು. "ನಮ್ಮನೇಲಿ ತಿಂಗ್ಳಿಗೊಂದ್ ಕಿತ ಬಾಡು ಮಾಡಿದ್ರೆ ಎಚ್ಚು ಅಮ್ಮಾರೆ. ನಿಮ್ಮನೇಲಿ ದಿನಾ ಬೆಳಗಾದ್ರೆ ಬೂದಿ, ತೆಂಗಿನ್ ನಾರು ಆಕಿ ಆಕಿ ಪಾತ್ರೆ ಉಜ್ತೀರಲ್ಲ, ಅದೆಲ್ಲ ಎಲ್ಲಿಗ್ ಓಯ್ತದೆ? ಸೀಗೆಪುಡಿ ಗಷ್ಟು ಎಲ್ಲಿಗ್ ಓಯ್ತದೆ? ಬೂದಿ, ಸೀಗೆ, ಎಣ್ಣೆ ಸೇರುದ್ರೆ ಗಾರೆ ಇದ್ದಂಗೆ ಕಣಮ್ಮ, ಗಾರೆ!"

ಶಾಂತ ಅಳುಬುರುಕಿ. "ನಮ್ಮ ಮನೆಯಿಂದ ಏನೂ ಹೋಗಲ್ಲ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕಾಫಿ ಚರಟವನ್ನೆಲ್ಲ ಅವಳು ಬಚ್ಚಲಿಗೇ ಸುರಿಯುತ್ತಿದ್ದುದು ನಮ್ಮ ಬಚ್ಚಲಲ್ಲಿ ಕಪ್ಪಗೆ ತೇಲಿ ಬರುತ್ತಿತ್ತು.

ಬೀದಿಯ ಚರಂಡಿ ಬಾಚುವವರನ್ನು ಯಜಮಾನರು ಕರೆತಂದರು. ಅವರು ಹೊರಗಿನ ಬಾಯಿಂದ ಬಿದಿರ ಗಳ ತೂರಿಸಿ ನೋಡಿ, ಅದು ಒಳಗೆ ಹೋಗದೆ, "ಇದು ಒಳ್ಗಡೆ ಕಟ್ಟದೆ ಸ್ವಾಮಿ, ನೆಲ ಅಗೀಬೇಕು, ಮನೆ ಮಾಲೀಕ್ರನ್ನ ಕೇಳಿ" ಎಂದು ಹೊರಟುಹೋದರು. ಮನೆಯ ಮಾಲೀಕರು ಮದ್ದೂರಿನವರು. ಹೇಳಿ ಕಳಿಸಿದರೆ ಬರುತ್ತೇನೆಂದವರು ಬರಲಿಲ್ಲ. ನಾವು ತಂತಿ ತಂದು ಚುಚ್ಚಿದೆವು, ಕುದಿಯುವ ನೀರು ಹುಯ್ದೆವು. ಒಂದೆರಡು ಗಂಟೆ ಕಾದರೆ ನೀರು ನಿಧಾನವಾಗಿ ಇಳಿಯುತ್ತಿತ್ತು. ಸದ್ಯ ಇಳಿಯಿತಲ್ಲ ಎಂದು ಉಸಿರು ಬಿಡುತ್ತಿದ್ದೆವು. ಬೀದಿಯ ಕಡೆ ಪೈಪಿನ ಬಾಯಲ್ಲಿ ಮಾತ್ರ ಒಂದು ಹನಿಯೂ ಬೀಳುತ್ತಿರಲಿಲ್ಲ. ಹಾಗಾದರೆ ನೀರು ಎಲ್ಲಿಗೆ ಹೋಗುತ್ತಿದೆ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ದಸರೆಯ ಹೊತ್ತಿಗೆ ಪದ್ಮನಿಗೆ ಜ್ವರ ಬಂತು. ಮೊದಲು ಊಟ ಬಿಟ್ಟಳು, ಆಮೇಲೆ ಕಣ್ಣು ಅರಿಸಿನದ ಹಾಗಾಯಿತು. ಕಾಮಾಲೆ. ಡಾಕ್ಟರು ಮಾತ್ರೆ ಕೊಟ್ಟರು, ಯಾವುದೋ ಹಳ್ಳಿಯವರು ಬೇರು ಅರೆದು ಕೊಟ್ಟರು, ಅತ್ತೆ ದೃಷ್ಟಿ ತೆಗೆದರು. ಅತ್ತೆಗೆ ಆ ಮಗು ಎಂದರೆ ಜೀವ. ಮಡಿಯಲ್ಲಿದ್ದಾಗ ನನ್ನನ್ನೇ ದೂರ ನಿಲ್ಲಿಸುತ್ತಿದ್ದವರು, ಪದ್ಮ ಓಡಿ ಬಂದು ಕಾಲು ತಬ್ಬಿದರೆ ಏನೂ ಅನ್ನದೆ ಮತ್ತೊಮ್ಮೆ ಸ್ನಾನ ಮಾಡಿ ಬರುತ್ತಿದ್ದರು. ಮಗು ಕಾಯಿಲೆ ಬಿದ್ದ ಮೇಲೆ ದಿನವೂ ತಾವೇ ಬಾವಿಯಿಂದ ನೀರು ಸೇದಿ, "ತಣ್ಣಗೆ ಶುದ್ಧವಾದ ನೀರು, ಕುಡಿ ಕಂದ" ಎಂದು ಕೊಟ್ಟು ಬರುತ್ತಿದ್ದರು. ಮಗುವಿನ ಮುಖ ದಿನೇ ದಿನೇ ಬಾಡುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಅತ್ತೆಯ ಕೂಗಿಗೆ ವಠಾರವೆಲ್ಲ ಹಿತ್ತಿಲಿಗೆ ಓಡಿತು. ಒದ್ದೆ ಸೀರೆಯಲ್ಲಿ ಬಾವಿಕಟ್ಟೆಯ ಮೇಲೆ ನಿಂತಿದ್ದರು. ಸೇದಿದ ಕೊಡ ಉರುಳಿಬಿದ್ದಿತ್ತು. "ಯಾರು ಬಾವಿಗೆ ಸೀಮೆಎಣ್ಣೆ ಸುರಿದವರು? ಬಾಯಿಗೆ ಹಾಕಿದರೆ ನಾಲಿಗೆಯೆಲ್ಲ ಸೀಮೆಎಣ್ಣೆ! ಮೋರಿ ವಿಷಯ ಮಾತಾಡಿದ್ದಕ್ಕೆ ಹೀಗಾ ಸೇಡು ತೀರಿಸಿಕೊಳ್ಳೋದು?"

ಅವರ ಕಣ್ಣು ಗೌರಮ್ಮನ ಮೇಲಿತ್ತು. ಗೌರಮ್ಮ ಕೆಂಡವಾದಳು. "ಬಾಯಿಗ್ ಬಂದಂಗ್ ಮಾತಾಡ್ಬೇಡಿ ಅಮ್ಮಾರೆ. ಸೊಸೈಟಿ ಮುಂದೆ ನಿಂತೂ ನಿಂತೂ ಕಾಲ್ ಬಿದ್ದೋಗಿ ತಂದಿದ್ ಎಣ್ಣೆ. ನಿನ್ನೆ ಡಬ್ಬ ಮಗುಚ್ಕಂಡು ಒಂದ್ ತೊಟ್ಟೂ ಉಳೀದಂಗ್ ಬಚ್ಚಲಿಗ್ ಓಯ್ತು ಅಂತ ನಾನೇ ಒಟ್ಟೆ ಉರ್ಕಂಡ್ ಕುಂತಿವ್ನಿ. ನಿಮ್ ಬಾವೀಗ್ ಸುರಿಯಕ್ಕೆ ನಂಗೇನ್ ಬಂದಿರದು?"

"ಬಚ್ಚಲಿಗಾ?" ಎಂದೆ ನಾನು.

"ಊಂ ಕಣಮ್ಮ. ನಾತ ಓಗ್ಲಿ ಅಂತ ಎಲ್ಡ್ ಬಕೀಟು ನೀರಾಕಿ ತೊಳ್ದೆ. ಎಂಗೋ ಸಂಜೆಗೆಲ್ಲ ಇಳ್ಕಂಡ್ ಓಯ್ತು."

ಅವಳು ತನ್ನ ಬಚ್ಚಲ ಗೋಡೆ ನೋಡಿದಳು, ಅಲ್ಲಿಂದ ಅತ್ತಿಮರ, ಅಲ್ಲಿಂದ ಬಾವಿ. ನಾನೂ ಅದೇ ದಾರಿಯಲ್ಲಿ ನೋಡಿದೆ. ಯಾರೂ ಬಾವಿಗೆ ಏನನ್ನೂ ಸುರಿದಿರಲಿಲ್ಲ. ಬಚ್ಚಲಿಗೆ ಸುರಿದದ್ದೇ ಬಾವಿಗೆ ಬಂದಿತ್ತು. ಅಂದರೆ ಸೀಮೆಎಣ್ಣೆಯೊಂದೇ ಅಲ್ಲ. ಸೀಮೆಎಣ್ಣೆಗೆ ವಾಸನೆಯಿದ್ದದ್ದರಿಂದ ತಿಳಿಯಿತು, ಅಷ್ಟೆ. ಆ ಮುದ್ದೆ, ಆ ಕೂದಲು, ಆ ಎಂಜಲು, ನಾವೆಲ್ಲರೂ ಮೈತೊಳೆದ ಕೊಳೆ, ಪದ್ಮನ ಕಾಯಿಲೆಯ ಬಟ್ಟೆ ಒಗೆದ ನೀರು, ನಾನು ಕಾರಿಕೊಂಡದ್ದು ಕೂಡ. ಇಷ್ಟು ದಿನ ಅದನ್ನೇ ಸೇದಿ, ಅದರಲ್ಲೇ ಬೇಯಿಸಿ, ಅದನ್ನೇ ಕುಡಿದಿದ್ದೆವು. ದೇವರ ತಲೆಯ ಮೇಲೂ ಅದನ್ನೇ ಹುಯ್ದಿದ್ದೆವು.

ಅಂದು ನನ್ನ ಜೊತೆ ಶಾಂತನೂ ವಾಂತಿ ಮಾಡಿದಳು. ಅತ್ತೆ ಮಾತ್ರ ಕಲ್ಲಿನ ಹಾಗೆ ನಿಂತಿದ್ದರು. "ಮಗುವಿಗೆ ನಾನೇ ಕೊಟ್ಟೆನಲ್ಲೇ" ಎಂದರು, ಅಷ್ಟೇ.

ಭಾನುವಾರ ನಂಜೇಗೌಡ ಹಾರೆ ಹಿಡಿದ. ನನ್ನ ಯಜಮಾನರು ಪಂಚೆ ಎತ್ತಿ ಕಟ್ಟಿ, ಜನಿವಾರವನ್ನು ಕಿವಿಗೆ ಸುತ್ತಿಕೊಂಡು ಗುದ್ದಲಿ ಹಿಡಿದರು. ಮರದ ಬುಡದಲ್ಲಿ ಮೊಣಕಾಲಾಳ ಅಗೆಯುವಷ್ಟರಲ್ಲಿ ಮಣ್ಣು ಕೆಂಪು ಹೋಗಿ ಕಪ್ಪಾಯಿತು, ಆಮೇಲೆ ಕೊಳೆತ ಮೊಟ್ಟೆಯ ನಾತ ಎದ್ದಿತು. ಪೈಪು ಸಿಕ್ಕಿತು. ಸಿಕ್ಕಿದ್ದು ಪೈಪೆನ್ನುವುದಕ್ಕಿಂತ ಅದರ ಓಡುಗಳು. ಅತ್ತಿಯ ಬೇರು ಕೀಲಿನ ಸಂದಿಯಲ್ಲಿ ನುಗ್ಗಿ, ಒಳಗೆ ನೀರು ಗೊಬ್ಬರ ಎರಡೂ ಸಿಕ್ಕ ಸಂತೋಷಕ್ಕೆ ಚೌರಿಯ ಹಾಗೆ ಹಬ್ಬಿ ಪೈಪನ್ನೇ ಸೀಳಿತ್ತು. ಆ ಬೇರಿನ ಜಡೆಗೆ ಮೂರು ಮನೆಯ ಹೆಂಗಸರ ಕೂದಲು ಸುತ್ತಿಕೊಂಡಿತ್ತು. ಕೂದಲಿಗೆ ತೆಂಗಿನ ನಾರು, ನಾರಿಗೆ ಜಿಡ್ಡು, ಜಿಡ್ಡಿಗೆ ಬೂದಿ, ಸೀಗೆ, ಅನ್ನ, ಚರಟ. ನಂಜೇಗೌಡ ಅದನ್ನು ಹಿಡಿದೆಳೆದಾಗ ಸತ್ತ ಪ್ರಾಣಿಯಂತೆ ಉದ್ದಕ್ಕೆ ಜಾರಿ ಬಂತು. "ಎಲ್ಲಾರ್ದೂ ಐತೆ ಕಣ್ರಪ್ಪ, ಜಗಳಾಡ್ದೋರು ಬಂದು ಪಾಲು ಮಾಡ್ಕಳಿ" ಎಂದ. ಯಾರಿಗೂ ನಗು ಬರಲಿಲ್ಲ.

ಪೈಪು ಹೂತವರು ಓಟವನ್ನೂ ಸರಿಯಾಗಿ ಕೊಟ್ಟಿರಲಿಲ್ಲ. ಬೀದಿಯ ಕಡೆಗೆ ಇಳಿಜಾರು ಇರಬೇಕಾದ್ದು ಮರದ ಹತ್ತಿರ ತಗ್ಗಾಗಿ, ಅಲ್ಲೇ ಎಲ್ಲ ನಿಂತು, ಒಡಕಿನಿಂದ ಬಾವಿಯ ಕಡೆಗೆ ಜಿನುಗುತ್ತಿತ್ತು. ಬಾವಿಯೊಳಗೆ ಬಗ್ಗಿ ನೋಡಿದರೆ ಕಲ್ಲಿನ ಸಂದಿಯಿಂದ ಒಂದು ಕಪ್ಪು ಗೆರೆ, ಅದರ ಮೇಲೆ ಬೆಳ್ಳಗೆ ಪಾಚಿಯಂಥ ಲೋಳೆ. ದಿನವೂ ಬಗ್ಗಿ ನೀರು ಸೇದುತ್ತಿದ್ದವರಿಗೆ ಅದು ಕಂಡಿರಲೇ ಇಲ್ಲ.

ಕಿತ್ತು ಹಾಕಿದ್ದನ್ನೆಲ್ಲ ಹಿತ್ತಿಲ ಮೂಲೆಗೆ ಗುಡ್ಡೆ ಹಾಕಿ, ಮಾಲೀಕರು ಬಂದು ನೋಡಲಿ ಎಂದು ಗುಂಡಿಯನ್ನು ತೆರೆದೇ ಬಿಟ್ಟೆವು. ಕುಡಿಯುವ ನೀರಿಗೆ ಎಲ್ಲರೂ ಬೀದಿಯ ನಲ್ಲಿಗೆ ಹೋಗತೊಡಗಿದೆವು. ಅಲ್ಲಿ ನೀರು ಬರುವುದೇ ಸ್ವಲ್ಪ ಹೊತ್ತು, ಸಾಲು ನೋಡಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಅತ್ತೆ ನಲ್ಲಿಯದನ್ನೂ ಮುಟ್ಟಲಿಲ್ಲ, ಬಾವಿಯದನ್ನೂ ಮುಟ್ಟಲಿಲ್ಲ. ಎಳನೀರು, ಹಾಲು, ಸೂರಿನಿಂದ ಪಾತ್ರೆಗೆ ಹಿಡಿದ ಮಳೆನೀರು. ಮಳೆ ಬಾರದ ದಿನ ಸ್ನಾನವಿಲ್ಲ, ಸ್ನಾನವಿಲ್ಲದ್ದರಿಂದ ಊಟವಿಲ್ಲ.

ದೀಪಾವಳಿಗೆ ಮುಂಚೆ ಮಾಲೀಕರು ಬಂದರು. ಬಿಳಿ ಪಂಚೆ, ಕಂಕುಳಲ್ಲಿ ಕೊಡೆ. ಗುಂಡಿಯ ಅಂಚಿನಲ್ಲಿ ನಿಂತು ಮೂಗಿಗೆ ವಸ್ತ್ರ ಹಿಡಿದು, "ಬಾಡಿಗೆ ಮನೆ ನೆಲವ ಅಗೆಯಕ್ಕೆ ನಿಮಗ್ಯಾರ್ ಹೇಳ್ದೋರು?" ಎಂದರು. ಯಜಮಾನರು ಎಲ್ಲವನ್ನೂ ವಿವರಿಸಿದರು. ಪೈಪು ಬದಲಾಯಿಸಿ, ಬಾವಿಯ ನೀರೆಲ್ಲ ಎತ್ತಿಸಿ, ಹೂಳು ತೆಗೆಸಬೇಕೆಂದರು. ಮಗುವಿನ ಕಾಮಾಲೆಯ ವಿಷಯವನ್ನೂ ಹೇಳಿದರು.

"ಪೈಪು ಬೇಸ್ಗೇಲಿ ನೋಡವ. ಬಾವಿಗೇನಾಗದೆ? ನಮ್ಮಪ್ಪ ತೆಗ್ಸಿದ್ದು ಇದು. ನಾನ್ ಇದ್ರ ನೀರ್ ಕುಡ್ದೇ ಬೆಳ್ದೋನು." ಹೀಗೆಂದು ಅವರೇ ಹಗ್ಗ ಬಿಟ್ಟರು. ರಾಟೆ ಕಿರುಗುಟ್ಟಿತು. ಮೇಲೆ ಬಂದ ನೀರನ್ನು ಚೊಂಬಿಗೆ ಬಗ್ಗಿಸಿಕೊಂಡು, ನಮ್ಮೆಲ್ಲರ ಮುಖ ನೋಡುತ್ತ, ಗಂಟಲೆತ್ತಿ ಗಟಗಟ ಕುಡಿದರು. ಮೀಸೆಯಿಂದ ಹನಿ ತೊಟ್ಟಿಕ್ಕಿತು. "ಏನಾಯ್ತು ಈಗ? ಸತ್ನಾ?" ಎಂದು ಚೊಂಬನ್ನು ಕಟ್ಟೆಯ ಮೇಲೆ ಕುಕ್ಕಿದರು. ನನಗೆ ಅವರ ಗಂಟಲಲ್ಲಿ ಆ ನೀರು ಇಳಿಯುವುದೇ ಕಾಣುತ್ತಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೋಡಿದೆ.

ಅವರಿಗೆ ಏನೂ ಆಗಲಿಲ್ಲ. ಆಮೇಲೂ ಎಷ್ಟೋ ವರ್ಷ ಗಟ್ಟಿಯಾಗೇ ಇದ್ದರಂತೆ. ಆದರೆ ಅವರ ಆ ಒಂದು ಚೊಂಬು ನಮ್ಮ ವಠಾರವನ್ನು ಕೆಡಿಸಿತು. ಮಾರನೆಯ ದಿನ ಬೆಳಿಗ್ಗೆ ರಾಟೆಯ ಸದ್ದು ಕೇಳಿ ನಾನೂ ಅತ್ತೆಯೂ ಹೊರಗೆ ಬಂದರೆ, ಶಾಂತ ಬಾವಿಯಿಂದ ನೀರು ಸೇದುತ್ತಿದ್ದಳು. ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದ ಪದ್ಮನ ಕೈಯಲ್ಲಿ ತುಂಬಿದ ಲೋಟ. ಅವಳ ಕಣ್ಣಿನ ಹಳದಿ ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಶಾಂತ, ಅದು ಯಾವ ನೀರು?" ಅತ್ತೆ ಕೇಳಿದರು.

"ಬಾವೀದೇ ಅಮ್ಮ. ಮಾಲೀಕರೇ ಕುಡಿದರಲ್ಲ, ಅವರಿಗಿಲ್ಲದ್ದು ನಮಗೇನು? ಈ ಕಾಯಿಲೆ ಮಗು ಬಿಟ್ಟು ನಲ್ಲಿ ಹತ್ರ ನಿಂತು ನಿಂತು ನನಗೂ ಸಾಕಾಗಿದೆ."

"ಕಾಯಿಸಿಯಾದರೂ ಕೊಡೇ ತಾಯಿ."

"ಸೌದೆಯೆಲ್ಲ ನೆಂದಿದೆ, ಸೀಮೆಎಣ್ಣೆ ಇಲ್ಲ. ಎಲ್ಲಿ ಕಾಯಿಸಲಿ?"

ಅತ್ತೆ ಮಗುವಿನ ಕೈಯಿಂದ ಲೋಟ ಕಿತ್ತು ಚೆಲ್ಲಿದರು. ಹಿತ್ತಿಲ ಮೂಲೆಗೆ ನಡೆದರು. ಅಲ್ಲಿ ನಾವು ಕಿತ್ತು ಹಾಕಿದ್ದ ಗುಡ್ಡೆ ಮಳೆಗೆ ನೆಂದು ಹುಳ ಹತ್ತಿ ಮಿಸುಕುತ್ತಿತ್ತು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಕೂತು, ಎರಡೂ ಕೈಯನ್ನು ಮೊಣಕೈವರೆಗೆ ಅದರೊಳಗೆ ಇಳಿಸಿದರು. ದಿನಕ್ಕೆ ಹತ್ತು ಸಲ ತೊಳೆದ ಕೈ. ನನ್ನ ನೆರಳು ಬಿದ್ದರೆ ಮಡಿ ಕೆಟ್ಟಿತೆನ್ನುತ್ತಿದ್ದ ಮೈ. ಕೂದಲು, ಬೇರು, ಜಿಡ್ಡು ಎಲ್ಲವನ್ನೂ ಬಾಚಿ ಎದೆಗವುಚಿಕೊಂಡು ಬಂದರು. ಕಪ್ಪು ರಸ ಸೀರೆಯ ಮೇಲೆಲ್ಲ ಹರಿಯಿತು. ಯಾರೂ ಬಾಯಿ ತೆರೆಯುವ ಮೊದಲೇ ಅದನ್ನು ಬಾವಿಯೊಳಗೆ ಹಾಕಿಬಿಟ್ಟರು. ಕೆಳಗೆ ಧೊಪ್ಪೆಂದು ಸದ್ದಾಯಿತು. ಹಿಂತಿರುಗಿ ಹೋಗಿ ಇನ್ನೊಂದು ಬಾಚು ತಂದರು.

"ಅಯ್ಯೋ, ಏನು ಮಾಡ್ತಿದ್ದೀರಿ!" ಎಂದು ಶಾಂತ ಕಿರುಚಿದಳು.

"ಇಷ್ಟು ದಿನ ಕಣ್ಣಿಗೆ ಕಾಣದ ಹಾಗೆ ಇತ್ತು. ಈಗ ಕಾಣುತ್ತೆ" ಎಂದರು ಅತ್ತೆ. "ಈಗ ಯಾರು ಕುಡೀತಾರೋ ಕುಡೀಲಿ. ಆ ಮಾಲೀಕನನ್ನೂ ಕರೆಸಿ."

ಬಾವಿ ಬಗ್ಗಿ ನೋಡಿದೆ. ನೀರಿನ ಮೇಲೆ ಕೂದಲ ಗೋಜಲು ಬಿಚ್ಚಿಕೊಳ್ಳುತ್ತ ತಿರುಗುತ್ತಿತ್ತು. ಇನ್ನು ಯಾರೂ ಆ ನೀರನ್ನು ಬಾಯಿಗೆ ಹಾಕುವಂತಿರಲಿಲ್ಲ.

ಅತ್ತೆ ಕೈ ಚಾಚಿ ಹಿಡಿದುಕೊಂಡು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕಟ್ಟೆಯ ಬಳಿ ನಿಂತುಬಿಟ್ಟರು. ಗೌರಮ್ಮ ಒಳಗಿಂದ ತನ್ನ ಕೊಡ ತಂದಳು, ಬೆಳಿಗ್ಗೆ ನಲ್ಲಿಯಲ್ಲಿ ಹಿಡಿದದ್ದು. "ಉಯ್ಲಾ ಅಮ್ಮಾರೆ?" ಎಂದಳು. ಅತ್ತೆ ಕಣ್ಣು ಮುಚ್ಚಿ ತಲೆ ಬಗ್ಗಿಸಿದರು. ಗೌರಮ್ಮ ಕೊಡ ಖಾಲಿಯಾಗುವವರೆಗೂ ಹುಯ್ದಳು, ಆಮೇಲೆ ಇನ್ನೊಂದು ತಂದಳು. ತಾನೇ ಕೂತು ಅವರ ಕೈಬೆರಳ ಸಂದಿಗೆ ಹುಣಸೆಹಣ್ಣು ಹಚ್ಚಿ ಉಜ್ಜಿದಳು.

ಸುದ್ದಿ ತಿಳಿದು ಮಾಲೀಕರು ಮದ್ದೂರಿನಿಂದ ಕೂಗಾಡುತ್ತ ಬಂದರು. ಮನೆ ಬಿಡಿ ಎಂದರು. ನಾವು ಬಿಟ್ಟೆವು, ತಿಂಗಳೊಳಗೆ ಗೌರಮ್ಮನೂ ಶಾಂತನೂ ಬಿಟ್ಟರು. ಬಾಡಿಗೆಗೆ ಬಂದವರೆಲ್ಲ ಬಾವಿ ಇಣುಕಿ ಹಾಗೇ ಹಿಂತಿರುಗಿದ್ದರಿಂದ, ಬೇಸಿಗೆಯಲ್ಲಿ ಅವರು ಹೊಸ ಪೈಪು ಹಾಕಿಸಿ ಬಾವಿಗೆ ಚಪ್ಪಡಿ ಮುಚ್ಚಿಸಿದರೆಂದು ಗೌರಮ್ಮ ಹೇಳಿದಳು. ಪದ್ಮ ಸಂಕ್ರಾಂತಿಯ ಹೊತ್ತಿಗೆ ಚೇತರಿಸಿಕೊಂಡು ಎಳ್ಳು ಬೀರಲು ನಮ್ಮ ಹೊಸ ಮನೆಗೇ ಬಂದಿದ್ದಳು.

ಅತ್ತೆಗೆ ಮಾತ್ರ ಅದು ಮುಗಿಯಲಿಲ್ಲ. ಕೈಯಿಂದ ವಾಸನೆ ಹೋಗಿಲ್ಲವೆಂದು ಬಲವಾಗಿ ನಂಬಿದರು. ಸೀಗೆ, ಕಡಲೆಹಿಟ್ಟು, ನಿಂಬೆಸಿಪ್ಪೆ, ಎಲ್ಲ ಹಾಕಿ ಉಜ್ಜಿ ಉಜ್ಜಿ ಅಂಗೈ ಬಿರಿಯಿತು. ಅನ್ನ ಕಲಸಿ ಬಾಯಿಗಿಟ್ಟುಕೊಳ್ಳಲಾರದೆ ಚಮಚದಲ್ಲಿ ಉಣ್ಣುತ್ತಿದ್ದರು. ನಾನು ಬಾಣಂತನಕ್ಕೆ ಮಳವಳ್ಳಿಗೆ ಹೋದೆ. ಯುಗಾದಿ ಕಳೆದು ಮಗಳ ನಾಮಕರಣಕ್ಕೆ ಬಸ್ಸಿನಲ್ಲಿ ಬಂದಿಳಿದ ಅತ್ತೆ, ತೊಟ್ಟಿಲ ಹತ್ತಿರ ನಿಂತು ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೇ ಮಗುವನ್ನು ನೋಡಿದರು. ಎತ್ತಿಕೊಳ್ಳಿ ಎಂದೆ.

"ಬೇಡ ಕಣೇ. ಹಸುಗೂಸು. ಕೈ ಇನ್ನೂ ನಾರುತ್ತೆ."

ಅವರ ಕೈಗಳನ್ನು ಸೆರಗಿನಿಂದ ಬಿಡಿಸಿ ನನ್ನ ಮೂಗಿಗೆ ಹಿಡಿದು ಮೂಸಿದೆ. ನಿಜ ಹೇಳಬೇಕೆಂದರೆ, ಸೀಗೆಯ ಕೆಳಗೆ ಎಲ್ಲೋ ಒಂಚೂರು ಆ ನಾತ ಇದ್ದ ಹಾಗೆಯೇ ನನಗೂ ಅನಿಸಿತು.

"ಏನೂ ಇಲ್ಲ ಅತ್ತೆ" ಎಂದು ಹೇಳಿ, ಮಗುವನ್ನು ತೊಟ್ಟಿಲಿಂದ ಎತ್ತಿ ಆ ಕೈಗಳಲ್ಲಿಟ್ಟೆ.